ಮೇಜಿನ ಮೇಲಿನ ಯುದ್ಧ, ಮನಸ್ಸಿಗೆ ಮದ್ದು

ದೂರದ ಊರಿನಲ್ಲಿರುವ ಮಗನಿಗೋ ಹಳೆಯ ಗೆಳೆಯನಿಗೋ ನೀವು ವಿಡಿಯೊ ಕರೆ ಮಾಡುತ್ತೀರಿ. ‘ಊಟ ಆಯ್ತಾ?’ ‘ಆಯ್ತು.’ ‘ಅಲ್ಲಿ ಮಳೆಯಾ?’ ‘ಇಲ್ಲ, ಚಳಿ.’ ‘ಆರೋಗ್ಯ ಹೇಗಿದೆ?’ ‘ಪರವಾಗಿಲ್ಲ.’ ಅಲ್ಲಿಗೆ ಮಾತು ಮುಗಿಯುತ್ತದೆ. ಪ್ರೀತಿ ಕಡಿಮೆಯಾಗಿಲ್ಲ. ಆದರೂ ಮುಂದೆ ಏನು ಮಾತಾಡಬೇಕೆಂದು ಇಬ್ಬರಿಗೂ ತೋಚುವುದಿಲ್ಲ. ‘ಸರಿ, ಇಡ್ತೀನಿ’ ಎಂದು ಕರೆ ಮುಗಿಸುತ್ತೀರಿ.

ಇದು ಯಾರ ತಪ್ಪೂ ಅಲ್ಲ. ಸ್ನೇಹ ಬೆಳೆಯುವುದು ಎದುರುಬದುರು ಕುಳಿತು ಕ್ಷೇಮಸಮಾಚಾರ ಕೇಳುವುದರಿಂದಲ್ಲ, ಒಟ್ಟಿಗೆ ಏನಾದರೂ ಮಾಡುವುದರಿಂದ. ಅರಳಿಕಟ್ಟೆಯ ಮೇಲೆ ಆಡು-ಹುಲಿ ಆಡುತ್ತಿದ್ದ ಹಿರಿಯರು, ಜಗಲಿಯಲ್ಲಿ ಚೌಕಾಬಾರ ಹಾಕಿಕೊಂಡು ಕೂರುತ್ತಿದ್ದ ಹೆಂಗಸರು ಆಟದ ನಡುವೆಯೇ ಮನೆಯ ಕಷ್ಟಸುಖ ಹೇಳಿಕೊಳ್ಳುತ್ತಿದ್ದರು. ಮಾತಿಗೆ ಒಂದು ನೆಪ ಬೇಕು.

ಬ್ರಿಟನ್, ಅಮೆರಿಕ ಮೊದಲಾದ ದೇಶಗಳ ಕೆಲವು ಹವ್ಯಾಸಿಗಳು ಇಂಥ ಒಂದು ನೆಪವನ್ನು ವಿಡಿಯೊ ಕರೆಗೇ ಹೊಂದಿಸಿಕೊಂಡಿದ್ದಾರೆ. ಪುಟ್ಟ ಸೈನಿಕ ಬೊಂಬೆಗಳಿಂದ ಇತಿಹಾಸದ ಯುದ್ಧಗಳನ್ನು ಮೇಜಿನ ಮೇಲೆ ಆಡುವ ಹವ್ಯಾಸ ಅವರದು. ಇದನ್ನು ‘ಮಿನಿಯೇಚರ್ ವಾರ್‌ಗೇಮ್’ ಎನ್ನುತ್ತಾರೆ. ನಮ್ಮಲ್ಲಿ ಇದು ಅಪರೂಪ. ಆದರೆ ದೂರವಿರುವ ಗೆಳೆಯರು ವಾರಕ್ಕೊಮ್ಮೆ ಒಂದೇ ಮೇಜಿನ ಸುತ್ತ ಸೇರುವ ಈ ಪದ್ಧತಿಯಿಂದ ನಮ್ಮ ಮನೆಗಳೂ ಕಲಿಯುವುದಿದೆ. ಅದರ ಲಾಭವೇನು, ದೇಹಕ್ಕೆ ಆಗಬಹುದಾದ ತೊಂದರೆಯೇನು, ನೋಡೋಣ.

ಏನಿದು ಆಟ?

ದಸರೆಗೆ ಬೊಂಬೆ ಕೂರಿಸುವ ಮನೆಯವರಿಗೆ ಇದನ್ನು ವಿವರಿಸುವುದು ಸುಲಭ. ಸುಮಾರು 6 ಅಡಿ ಉದ್ದ, 4 ಅಡಿ ಅಗಲದ ಮೇಜು. ಅದರ ಮೇಲೆ ಹಸಿರು ಬಟ್ಟೆ, ಪುಟ್ಟ ಗುಡ್ಡ, ನದಿ, ಮರ, ಮನೆ. ಅವುಗಳ ನಡುವೆ ಕಾಲಾಳುಗಳು, ಕುದುರೆ ಸವಾರರು, ಫಿರಂಗಿಗಳು. ಒಂದೊಂದು ಬೊಂಬೆಯ ಎತ್ತರ ಸಾಮಾನ್ಯವಾಗಿ 28 ಮಿಲಿಮೀಟರ್ ಅಥವಾ 15 ಮಿಲಿಮೀಟರ್. 6 ಮಿಲಿಮೀಟರಿನವೂ ಉಂಟು. ಅಂದಿನ ಸೈನ್ಯದ ಸಮವಸ್ತ್ರದ ಬಣ್ಣವನ್ನು ಪುಸ್ತಕ ನೋಡಿ ತಿಳಿದುಕೊಂಡು ಆಟಗಾರರೇ ಬಣ್ಣ ಹಚ್ಚುತ್ತಾರೆ. ಪಡೆ ಎಷ್ಟು ಮುಂದೆ ಹೋಗಬೇಕೆಂಬುದನ್ನು ಅಳತೆ ಟೇಪಿನಿಂದಲೂ, ಗುಂಡು ತಗುಲಿತೋ ಇಲ್ಲವೋ ಎಂಬುದನ್ನು ದಾಳದಿಂದಲೂ ನಿರ್ಧರಿಸುತ್ತಾರೆ. ಹಾಗಾಗಿ ಇಲ್ಲಿ ಚದುರಂಗದ ಯೋಚನೆಯೂ ಇದೆ, ಪಗಡೆಯ ಅದೃಷ್ಟವೂ ಇದೆ.

1815ರ ವಾಟರ್‌ಲೂ ಯುದ್ಧ ಇಂಥ ಮೇಜುಗಳ ಮೇಲೆ ಲೆಕ್ಕವಿಲ್ಲದಷ್ಟು ಸಲ ನಡೆದಿದೆ. ಅಲ್ಲಿ ನೆಪೋಲಿಯನ್ನನನ್ನು ಎದುರಿಸಿದ ವೆಲ್ಲಿಂಗ್ಟನ್ 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ ಆರ್ಥರ್ ವೆಲ್ಲೆಸ್ಲಿಯೇ. ಟಿಪ್ಪುವಿನ ಮೈಸೂರು ಸೈನ್ಯದ ಬೊಂಬೆಗಳನ್ನು ಕೂಡಿಸಿ ನಮ್ಮ ನೆಲದ ಯುದ್ಧಗಳನ್ನು ಆಡುವವರೂ ಇದ್ದಾರೆ.

ರೋಗಿಯ ಕೋಣೆಯಿಂದ ಬಂದ ಆಟ

ಈ ಆಟದ ಮೂಲ ಪ್ರಷ್ಯದ ಸೈನ್ಯದಲ್ಲಿದೆ. 1812ರಲ್ಲಿ ಫಾನ್ ರೈಸ್‌ವಿಟ್ಸ್ ಎಂಬಾತ ತಾನು ರೂಪಿಸಿದ ಯುದ್ಧದಾಟವನ್ನು ಅಲ್ಲಿನ ದೊರೆಗೆ ಅರ್ಪಿಸಿದ. ಅವನ ಮಗ 1824ರಲ್ಲಿ ಅದನ್ನು ತಿದ್ದಿ ಪ್ರಕಟಿಸಿದ. ಅದರಲ್ಲಿ ಒಬ್ಬ ತೀರ್ಪುಗಾರನಿರುತ್ತಿದ್ದ. ಎದುರಾಳಿಯ ಪಡೆ ಎಲ್ಲಿದೆಯೆಂದು ಆಟಗಾರರಿಗೆ ಪೂರ್ತಿ ಕಾಣುತ್ತಿರಲಿಲ್ಲ. ಅವರು ಆಜ್ಞೆ ಕೊಡುತ್ತಿದ್ದರು, ತೀರ್ಪುಗಾರ ಪಡೆಗಳನ್ನು ನಡೆಸುತ್ತಿದ್ದ. ಇಂದಿನ ವಿಡಿಯೊ ಆಟವೂ ಹೆಚ್ಚುಕಡಿಮೆ ಹೀಗೆಯೇ ನಡೆಯುತ್ತದೆ.

ಆರೋಗ್ಯದ ಓದುಗರಿಗೆ ಇನ್ನೂ ಹತ್ತಿರದ ಉದಾಹರಣೆ ‘ಟ್ರೆಷರ್ ಐಲೆಂಡ್’ ಬರೆದ ರಾಬರ್ಟ್ ಲೂಯಿ ಸ್ಟೀವನ್‌ಸನ್‌ರದು. ಬಾಲ್ಯದಿಂದಲೇ ಕಾಯಿಲೆಯವರು. ಶ್ವಾಸಕೋಶದ ತೊಂದರೆಗಾಗಿ 1880ರಿಂದ ಎರಡು ಚಳಿಗಾಲಗಳನ್ನು ಸ್ವಿಟ್ಜರ್‌ಲೆಂಡಿನ ದಾವೋಸ್‌ನಲ್ಲಿ ಕಳೆದರು. ಆಗ ಕ್ಷಯಕ್ಕೆ ಔಷಧಿ ಇರಲಿಲ್ಲ. ಬೆಟ್ಟದ ತಣ್ಣನೆಯ ಗಾಳಿ, ವಿಶ್ರಾಂತಿ, ಒಳ್ಳೆಯ ಆಹಾರ ಇಷ್ಟೇ ಚಿಕಿತ್ಸೆ. ಅಲ್ಲಿ ಅವರು ಹೆಂಡತಿಯ ಮೊದಲ ಮದುವೆಯ ಮಗ ಲಾಯ್ಡ್ ಆಸ್‌ಬರ್ನ್‌ನ ಜೊತೆ ಅಟ್ಟದ ನೆಲದ ಮೇಲೆ ಸೀಮೆಸುಣ್ಣದಿಂದ ನಕ್ಷೆ ಬರೆದು ಸೀಸದ ಸೈನಿಕರ ಯುದ್ಧ ಆಡುತ್ತಿದ್ದರು. ಲಾಯ್ಡ್ 1898ರಲ್ಲಿ ಒಂದು ಅಮೆರಿಕನ್ ಪತ್ರಿಕೆಯಲ್ಲಿ ಅದನ್ನು ವರ್ಣಿಸಿದ. ಕಾಯಿಲೆಯ ಹಿರಿಯನೂ ಹನ್ನೆರಡು, ಹದಿಮೂರರ ಹುಡುಗನೂ ಸಮಾನರಾಗಿ ಕೂಡಿ ಆಡಲು ಆ ಬೊಂಬೆಗಳು ನೆಪವಾದವು.

1913ರಲ್ಲಿ ಎಚ್.ಜಿ. ವೆಲ್ಸ್ ‘ಲಿಟ್ಲ್ ವಾರ್ಸ್’ ಎಂಬ ಪುಸ್ತಕ ಬರೆದು ಆಟವನ್ನು ಮನೆಮನೆಗೆ ತಂದರು. 1962ರಲ್ಲಿ ‘ವಾರ್ ಗೇಮ್ಸ್’ ಎಂಬ ಪುಸ್ತಕದಿಂದ ಹವ್ಯಾಸಕ್ಕೆ ಹೊಸ ಜೀವ ಕೊಟ್ಟ ಡೊನಾಲ್ಡ್ ಫೆದರ್‌ಸ್ಟೋನ್ ವೃತ್ತಿಯಲ್ಲಿ ಫಿಸಿಯೋಥೆರಪಿಸ್ಟ್. ಎರಡನೆಯ ಮಹಾಯುದ್ಧದಲ್ಲಿ ಟ್ಯಾಂಕ್ ದಳದಲ್ಲಿದ್ದವರು. 1918ರಲ್ಲಿ ಹುಟ್ಟಿ, 2013ರವರೆಗೆ ಬದುಕಿದ್ದರು.

ಕ್ಲಬ್ಬಿನ ಬಾಗಿಲು ಮುಚ್ಚಿದಾಗ

ಬ್ರಿಟನ್ನಿನಲ್ಲಿ ಈ ಹವ್ಯಾಸಿಗಳು ವಾರಕ್ಕೊಂದು ಸಂಜೆ ಊರಿನ ಯಾವುದಾದರೂ ಸಭಾಂಗಣದಲ್ಲಿ ಸೇರುವುದು ರೂಢಿ. 2020ರ ಮಾರ್ಚ್ 23ರಂದು ಕೋವಿಡ್ ಕಾರಣದಿಂದ ಅಲ್ಲಿ ಎಲ್ಲರೂ ಮನೆಯಲ್ಲೇ ಇರಬೇಕೆಂಬ ಆದೇಶವಾಯಿತು. ಆ ಸಂಜೆಗಳು ನಿಂತವು. ಆಗ ಹಲವರು ಮನೆಯ ಮೇಜಿನ ಮೇಲೆ ಕ್ಯಾಮೆರಾ ನಿಲ್ಲಿಸಿ ಗೆಳೆಯರನ್ನು ವಿಡಿಯೊ ಕರೆಯಲ್ಲಿ ಕೂಡಿಸಿದರು. ನಿರ್ಬಂಧ ಹೋದ ಮೇಲೆ ಕ್ಲಬ್ಬುಗಳು ತೆರೆದವು. ಆದರೂ ಈ ಆಟ ನಿಲ್ಲಲಿಲ್ಲ. ಕಾರಣ ಸರಳ. ಬೇರೆ ಊರಿಗೆ ಹೋದವರು, ಕಾಯಿಲೆಯಿಂದ ಮನೆ ಬಿಡಲಾರದವರು, ರಾತ್ರಿ ಕಾರು ಓಡಿಸಲಾಗದಷ್ಟು ಕಣ್ಣು ಮಂದವಾದವರು ಇವರೆಲ್ಲ ಮತ್ತೆ ಆಟಕ್ಕೆ ಸೇರಬಹುದೆಂದು ಆಗಲೇ ಗೊತ್ತಾಗಿತ್ತು.

ಆಡುವ ಕ್ರಮ ಹೀಗಿದೆ. ಬೊಂಬೆಗಳೂ ಮೇಜೂ ಒಬ್ಬರ ಮನೆಯಲ್ಲಿ. ಅವರು ಆತಿಥೇಯರು. ಮೇಜಿನ ಮೇಲಿನಿಂದ ನೋಡುವಂತೆ ಒಂದು ಕ್ಯಾಮೆರಾ, ಸೈನಿಕನ ಕಣ್ಣಿನ ಎತ್ತರದಲ್ಲಿ ಇನ್ನೊಂದು ಮೊಬೈಲು. ಉಳಿದವರು ತಮ್ಮ ತಮ್ಮ ಮನೆಯಿಂದ ‘ಎಡಗಡೆಯ ಕುದುರೆಗಳು ಸೇತುವೆಯ ಕಡೆ ಹೋಗಲಿ’ ಎಂದು ಹೇಳುತ್ತಾರೆ, ಆತಿಥೇಯರು ನಡೆಸುತ್ತಾರೆ. ಜಾಗ ಗುರುತಿಸಲು ಮೇಜನ್ನು ಚೌಕಗಳಾಗಿ ಭಾಗ ಮಾಡಿ ಚದುರಂಗದಂತೆ ಹೆಸರಿಡುವುದುಂಟು. ಪಡೆಗಳಿಗೆ ದೊಡ್ಡ ಬಾವುಟ ಇಲ್ಲವೆ ಸಂಖ್ಯೆಯ ಚೀಟಿ ಅಂಟಿಸುತ್ತಾರೆ. ನಕ್ಷೆಯನ್ನು ಮೊದಲೇ ಕಳಿಸುತ್ತಾರೆ. ದಾಳವನ್ನು ಪ್ರತಿಯೊಬ್ಬರೂ ತಮ್ಮ ಮನೆಯಲ್ಲೇ ಹಾಕಿ ಬಿದ್ದ ಸಂಖ್ಯೆ ಹೇಳುತ್ತಾರೆ. ಯಾರೂ ಪರೀಕ್ಷಿಸುವುದಿಲ್ಲ. ಈ ನಂಬಿಕೆಯೇ ಆಟದ ಅರ್ಧ ಸೊಗಸು.

ಒಂಟಿತನ ಎಂಬ ಕಾಯಿಲೆ

‘ಇದು ಕಾಲಹರಣ ಅಲ್ಲವೇ, ಆರೋಗ್ಯದ ಅಂಕಣದಲ್ಲಿ ಇದಕ್ಕೇನು ಕೆಲಸ?’ ಎಂದು ನೀವು ಕೇಳಬಹುದು. ಇದೆ.

ಒಬ್ಬರೇ ಇರುವುದು ಬೇರೆ, ಒಂಟಿತನ ಬೇರೆ. ಏಕಾಂತ ಎಷ್ಟೋ ಜನರಿಗೆ ಇಷ್ಟ. ತುಂಬಿದ ಮನೆಯಲ್ಲಿದ್ದೂ ‘ನನ್ನನ್ನು ಕೇಳುವವರಿಲ್ಲ’ ಎನಿಸಿದರೆ ಅದು ಒಂಟಿತನ. ಈ ಭಾವನೆ ತಿಂಗಳುಗಟ್ಟಲೆ ಉಳಿದರೆ ದೇಹ ಸದಾ ಅಪಾಯದಲ್ಲಿರುವಂತೆ ವರ್ತಿಸುತ್ತದೆ. ಒತ್ತಡದ ಹಾರ್ಮೋನುಗಳು ಏರುತ್ತವೆ. ನಿದ್ರೆ ಕೆಡುತ್ತದೆ. ರಕ್ತದೊತ್ತಡ ಹೆಚ್ಚಬಹುದು. ಊಟ, ವ್ಯಾಯಾಮ, ಮಾತ್ರೆಗಳ ವೇಳೆ ತಪ್ಪುತ್ತದೆ. ಹೃದಯಾಘಾತ, ಪಾರ್ಶ್ವವಾಯು, ಖಿನ್ನತೆ, ಮರೆವಿನ ಕಾಯಿಲೆಗಳ ಸಾಧ್ಯತೆ ಇಂಥವರಲ್ಲಿ ಹೆಚ್ಚೆಂದು ಅಧ್ಯಯನಗಳು ತೋರಿಸಿವೆ.

2010ರಲ್ಲಿ ಅಮೆರಿಕದ ಸಂಶೋಧಕರು 148 ಅಧ್ಯಯನಗಳನ್ನು, ಅಂದರೆ 3 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದರು. ಗಟ್ಟಿಯಾದ ಸಾಮಾಜಿಕ ಸಂಬಂಧವಿದ್ದವರು ಆಯಾ ಅಧ್ಯಯನದ ಅವಧಿಯಲ್ಲಿ ಬದುಕಿ ಉಳಿಯುವ ಸಾಧ್ಯತೆ ಉಳಿದವರಿಗಿಂತ ಶೇ. 50ರಷ್ಟು ಹೆಚ್ಚಾಗಿತ್ತು. ಬ್ರಿಟನ್ 2018ರಲ್ಲಿ ಒಂಟಿತನದ ವಿಷಯಕ್ಕೆಂದೇ ಒಬ್ಬ ಸಚಿವರಿಗೆ ಹೊಣೆ ವಹಿಸಿತು. 2023ರಲ್ಲಿ ಅಮೆರಿಕದ ಸರ್ಜನ್ ಜನರಲ್ ಆಗಿದ್ದ, ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ಕುಟುಂಬದ ಡಾ. ವಿವೇಕ್ ಮೂರ್ತಿ ಒಂಟಿತನದ ಬಗ್ಗೆ ಇಡೀ ದೇಶಕ್ಕೆ ಎಚ್ಚರಿಕೆಯ ವರದಿ ಹೊರಡಿಸಿದರು. 2025ರ ಜೂನ್ 30ರಂದು ಪ್ರಕಟವಾದ ವಿಶ್ವ ಆರೋಗ್ಯ ಸಂಸ್ಥೆಯ ಆಯೋಗದ ವರದಿ ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರನ್ನು ಒಂಟಿತನ ಕಾಡುತ್ತಿದೆ ಎಂದಿದೆ.

ಹಾಗಾದರೆ ದಿನವೂ ವಿಡಿಯೊ ಕರೆ ಮಾಡಿದರೆ ಸಾಕೇ? ಅಷ್ಟು ಸುಲಭವಲ್ಲ. 2020ರಲ್ಲಿ ಕಾಕ್ರೇನ್ ಸಂಸ್ಥೆ ಈ ಪ್ರಶ್ನೆಯನ್ನೇ ಪರಿಶೀಲಿಸಿತು. ಅದಕ್ಕೆ ಸಿಕ್ಕಿದ್ದು ಮೂರೇ ಪ್ರಯೋಗಗಳು, 201 ವೃದ್ಧರು, ಎಲ್ಲರೂ ತೈವಾನಿನ ವೃದ್ಧಾಶ್ರಮಗಳವರು. ವಿಡಿಯೊ ಕರೆ ಒಂಟಿತನವನ್ನು ಇಳಿಸುತ್ತದೆಂದು ಅದರಿಂದ ಖಚಿತವಾಗಿ ಹೇಳಲಾಗಲಿಲ್ಲ. ಕರೆ ಬರೀ ಒಂದು ದಾರಿ. ಆ ದಾರಿಯಲ್ಲಿ ಏನು ಸಾಗುತ್ತದೆ ಎಂಬುದು ಮುಖ್ಯ.

ಹೆಗಲಿಗೆ ಹೆಗಲು

ಆಸ್ಟ್ರೇಲಿಯಾದಲ್ಲಿ 1990ರ ದಶಕದಲ್ಲಿ ‘ಮೆನ್ಸ್ ಶೆಡ್’ ಎಂಬ ಕೂಟಗಳು ಆರಂಭವಾದವು. ನಿವೃತ್ತ ಗಂಡಸರು ಒಂದು ಶೆಡ್ಡಿನಲ್ಲಿ ಸೇರಿ ಮರಗೆಲಸ, ರಿಪೇರಿ ಮಾಡುತ್ತಾರೆ. ‘ನಿಮ್ಮ ದುಃಖ ಹೇಳಿ’ ಎಂದರೆ ಬಾಯಿ ಬಿಡದವರು ಹೆಗಲಿಗೆ ಹೆಗಲು ತಾಗಿಸಿ ಕೆಲಸ ಮಾಡುವಾಗ ತಾವಾಗಿಯೇ ಹೇಳುತ್ತಾರೆ ಎಂಬುದು ಅದರ ಹಿಂದಿನ ತಿಳಿವಳಿಕೆ. ಯುದ್ಧದ ಆಟದಲ್ಲಿಯೂ ಇದೇ ನಡೆಯುತ್ತದೆ. ಫಿರಂಗಿಯನ್ನು ಗುಡ್ಡ ಹತ್ತಿಸುವ ಚರ್ಚೆಯ ನಡುವೆ ‘ಅಂದ ಹಾಗೆ, ಮೊನ್ನೆ ಡಾಕ್ಟರು ಇಸಿಜಿ ಮಾಡಿಸಲು ಹೇಳಿದರು’ ಎಂಬ ಮಾತು ಬರುತ್ತದೆ. ಒಂದು ವಾರ ಯಾರಾದರೂ ಕಾಣಿಸದಿದ್ದರೆ ಉಳಿದವರಿಗೆ ತಕ್ಷಣ ತಿಳಿಯುತ್ತದೆ, ಫೋನ್ ಮಾಡುತ್ತಾರೆ. ಒಬ್ಬರೇ ಇರುವ ವೃದ್ಧರಿಗೆ ಇದು ಸಣ್ಣ ರಕ್ಷಣೆಯಲ್ಲ.

ಇನ್ನೂ ಒಂದು ಅನುಕೂಲವಿದೆ. ವಿಡಿಯೊ ಕರೆಯಿಂದ ಆಗುವ ಆಯಾಸದ ಬಗ್ಗೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೆರೆಮಿ ಬೈಲೆನ್‌ಸನ್ 2021ರಲ್ಲಿ ಬರೆದರು. ನಾಲ್ಕು ಕಾರಣಗಳನ್ನು ಅವರು ಮುಂದಿಟ್ಟರು. ಹತ್ತಿರದಿಂದ ಒಂದೇ ಸಮನೆ ಕಣ್ಣಲ್ಲಿ ಕಣ್ಣಿಟ್ಟು ನೋಡುವುದು, ತನ್ನದೇ ಮುಖವನ್ನು ನೋಡುತ್ತಿರುವುದು, ಅಲುಗಾಡದೆ ಕೂರುವುದು, ಹಾವಭಾವ ಅರಿಯಲು ಮೆದುಳು ಹೆಚ್ಚು ಶ್ರಮಪಡುವುದು. ಮೇಜಿನ ಆಟದಲ್ಲಿ ಕ್ಯಾಮೆರಾ ತಿರುಗಿರುವುದು ಮೇಜಿನ ಕಡೆಗೆ, ಮುಖದ ಕಡೆಗಲ್ಲ. ಹಾಗಾಗಿ ಮೊದಲೆರಡು ಕಾರಣಗಳು ಬಹುಮಟ್ಟಿಗೆ ತಪ್ಪುತ್ತವೆ. ಮಾತು ನಿಂತರೂ ಮುಜುಗರವಿಲ್ಲ. ಎಲ್ಲರೂ ಯೋಚಿಸುತ್ತಿದ್ದಾರೆಂದು ಅರ್ಥ.

ಬುದ್ಧಿಗೂ ಇದು ವ್ಯಾಯಾಮ. ನ್ಯೂಯಾರ್ಕಿನ ಬ್ರಾಂಕ್ಸ್ ಪ್ರದೇಶದಲ್ಲಿ 75 ವರ್ಷ ದಾಟಿದ 469 ಜನರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನವೊಂದು 2003ರಲ್ಲಿ ಪ್ರಕಟವಾಯಿತು. ಓದುವುದು, ಮಣೆಯ ಆಟ, ವಾದ್ಯ ನುಡಿಸುವುದು, ನೃತ್ಯ ಇವುಗಳಲ್ಲಿ ತೊಡಗಿದ್ದವರಲ್ಲಿ ಮರೆವಿನ ಕಾಯಿಲೆ ಕಡಿಮೆ ಕಂಡಿತು. ಆಟವಾಡಿದರೆ ಮರೆವು ಬರುವುದೇ ಇಲ್ಲ ಎಂದು ಇದರಿಂದ ತಿಳಿಯಬಾರದು. ನೆನಪು ಚೆನ್ನಾಗಿರುವವರೇ ಹೆಚ್ಚು ಆಡುತ್ತಿರಬಹುದು. ಆದರೆ ಮನೆಯಲ್ಲಿ ಸುಮ್ಮನೆ ಕೂರುವುದಕ್ಕಿಂತ ಇದು ಮೇಲೆಂಬುದರಲ್ಲಿ ಅನುಮಾನವಿಲ್ಲ.

ಕಣ್ಣು, ಕತ್ತು, ಸೊಂಟ

ಈಗ ತೊಂದರೆಗಳ ಕಡೆ ನೋಡೋಣ. ಎರಡು ಮೂರು ಗಂಟೆ ಪರದೆ ನೋಡುವ ಆಟಕ್ಕೆ ಅದರದೇ ಬೆಲೆ ಇದೆ.

ಕಣ್ಣು: ನಾವು ಸಾಮಾನ್ಯವಾಗಿ ನಿಮಿಷಕ್ಕೆ ಸುಮಾರು 15 ಸಲ ಕಣ್ಣು ಮಿಟುಕಿಸುತ್ತೇವೆ. ಪರದೆಯನ್ನು ದಿಟ್ಟಿಸುವಾಗ ಇದು ಅರ್ಧಕ್ಕೆ, ಕೆಲವೊಮ್ಮೆ ಅದಕ್ಕೂ ಕೆಳಗೆ ಇಳಿಯುತ್ತದೆ. ಕಣ್ಣೀರಿನ ಪದರ ಒಣಗಿ ಉರಿ, ಕೆಂಪು, ಮಸುಕು ಉಂಟಾಗುತ್ತದೆ. 20 ನಿಮಿಷಕ್ಕೊಮ್ಮೆ, 20 ಅಡಿ ದೂರದ ವಸ್ತುವನ್ನು, 20 ಸೆಕೆಂಡು ನೋಡಿರಿ. ಆತಿಥೇಯರು ಎದುರಾಳಿಯ ಪಡೆ ನಡೆಸುತ್ತಿರುವ ಹೊತ್ತು ಇದಕ್ಕೆ ತಕ್ಕ ಸಮಯ. ಕಿಟಕಿಯ ಬಳಿ ಹೋಗಿ ಬೀದಿಯ ಮರ ನೋಡಿ ಬನ್ನಿ, ಯುದ್ಧವೇನೂ ಸೋತುಹೋಗುವುದಿಲ್ಲ. ನಲವತ್ತು ದಾಟಿದವರ ಓದುವ ಕನ್ನಡಕ ಪುಸ್ತಕದ ದೂರಕ್ಕೆ ಮಾಡಿದ್ದು, ಕಂಪ್ಯೂಟರ್ ಪರದೆ ಅದಕ್ಕಿಂತ ದೂರ. ಕಣ್ಣು ಸೋಲುತ್ತಿದ್ದರೆ ನೇತ್ರ ತಜ್ಞರಿಗೆ ಪರದೆಯ ದೂರವನ್ನು ಅಳೆದು ಹೇಳಿ. ಕಣ್ಣೆದುರು ದಿಢೀರನೆ ಮಿಂಚು, ಪರದೆ ಇಳಿದಂಥ ಕತ್ತಲು, ದೃಷ್ಟಿ ಕುಂದುವಿಕೆ ಕಂಡರೆ ಅದು ಆಯಾಸವಲ್ಲ. ಅಂದೇ ವೈದ್ಯರನ್ನು ಕಾಣಬೇಕು.

ಕತ್ತು: ನಮ್ಮ ತಲೆಯ ತೂಕ ಸುಮಾರು 5 ಕಿಲೋ. ಮೊಬೈಲನ್ನು ಮಡಿಲಲ್ಲಿಟ್ಟು ಬಗ್ಗಿ ನೋಡಿದಷ್ಟೂ ಈ ಭಾರ ಕತ್ತಿನ ಸ್ನಾಯುಗಳ ಮೇಲೆ ಬೀಳುತ್ತದೆ. ಮೊಬೈಲಿಗಿಂತ ದೊಡ್ಡ ಪರದೆ ಒಳ್ಳೆಯದು. ಅದರ ಮೇಲಂಚು ಕಣ್ಣಿನ ಮಟ್ಟದಲ್ಲಿರಲಿ. ನಾಲ್ಕು ದಪ್ಪ ಪುಸ್ತಕ ಕೆಳಗಿಟ್ಟರೆ ಸಾಕು.

ಸೊಂಟ: ಇದು ಆತಿಥೇಯರ ಕಾಯಿಲೆ. ಎಲ್ಲರ ಸೈನ್ಯವನ್ನೂ ಅವರೊಬ್ಬರೇ ನಡೆಸಬೇಕು. ಊಟದ ಮೇಜಿನ ಎತ್ತರ ಸುಮಾರು ಎರಡೂವರೆ ಅಡಿ. ಅದರ ಮಧ್ಯಕ್ಕೆ ನೂರು ಸಲ ಬಗ್ಗಿ ಕೈಚಾಚಿದರೆ ಮರುದಿನ ಸೊಂಟ ಹಿಡಿಯದೆ ಇರದು. ಅಡುಗೆಕಟ್ಟೆಯ ಎತ್ತರದ ಮೇಜು ಉತ್ತಮ. ಬಗ್ಗುವಾಗ ಒಂದು ಕೈಯನ್ನು ಮೇಜಿಗೆ ಊರಿ, ದೂರದ ಬೊಂಬೆಗೆ ಮೇಜಿನ ಇನ್ನೊಂದು ಬದಿಗೆ ನಡೆದು ಹೋಗಿ. ಕೂತು ಆಡುವವರು ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಿ, ನೀರು ಕುಡಿಯಿರಿ. ವಾರಕ್ಕೆ ಕನಿಷ್ಠ 150 ನಿಮಿಷದ ಚುರುಕಾದ ನಡಿಗೆಯಂಥ ವ್ಯಾಯಾಮ ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮೇಜಿನ ಮೇಲೆ ಸೈನ್ಯ ಎಷ್ಟು ಮೈಲಿ ನಡೆದರೂ ಅದು ನಿಮ್ಮ ಲೆಕ್ಕಕ್ಕೆ ಬರುವುದಿಲ್ಲ.

ಕಿವಿ: ವಯಸ್ಸಾದಂತೆ ಕಿವಿ ಮಂದವಾಗುವುದು ಸಹಜ. ಹಲವರು ಒಟ್ಟಿಗೆ ಮಾತಾಡಿದರೆ ಏನೂ ತಿಳಿಯದೆ ಅವರು ಕೂಟದಿಂದಲೇ ದೂರ ಸರಿಯುತ್ತಾರೆ. 2024ರಲ್ಲಿ ಲಾನ್ಸೆಟ್ ಆಯೋಗ ಪಟ್ಟಿ ಮಾಡಿದ, ಮರೆವಿನ ಕಾಯಿಲೆಗೆ ಕಾರಣವಾಗಬಲ್ಲ 14 ಅಂಶಗಳಲ್ಲಿ ಕಿವುಡುತನವೂ ಇದೆ, ಜನಸಂಪರ್ಕ ಇಲ್ಲದಿರುವುದೂ ಇದೆ. ಒಬ್ಬರಾದ ಮೇಲೆ ಒಬ್ಬರು ಮಾತಾಡುವ ನಿಯಮವಿರಲಿ. ಶ್ರವಣ ಯಂತ್ರ ಬೇಕಾದರೆ ನಾಚಿಕೆ ಬೇಡ.

ಬೊಂಬೆಯಲ್ಲಿರುವ ವಿಷ

ಹಳೆಯ ಸೈನಿಕ ಬೊಂಬೆಗಳು ಸೀಸ ಬೆರೆತ ಲೋಹದವು. ಇಂದು ಪ್ಲಾಸ್ಟಿಕ್ ಮತ್ತು ಸೀಸವಿಲ್ಲದ ಲೋಹದವೂ ಸಿಗುತ್ತವೆ. ಆದರೆ ಎಲ್ಲವೂ ಹಾಗಲ್ಲ. ಸೀಸವನ್ನು ಮುಟ್ಟಿದ ಮಾತ್ರಕ್ಕೆ ಅಪಾಯವಿಲ್ಲ. ಅದರ ಪುಡಿ ಕೈಯಿಂದ ಬಾಯಿಗೆ ಹೋದರೆ, ಉಸಿರಿನಲ್ಲಿ ಸೇರಿದರೆ ಅಪಾಯ. ಇಷ್ಟು ಸೀಸ ಸುರಕ್ಷಿತ ಎನ್ನುವಂಥ ಮಿತಿಯೇ ಇಲ್ಲ. ಮಕ್ಕಳ ಮೆದುಳಿನ ಬೆಳವಣಿಗೆಗೆ, ಗರ್ಭಿಣಿಯರಿಗೆ ಇದು ವಿಶೇಷವಾಗಿ ಕೆಟ್ಟದ್ದು.

ಆದ್ದರಿಂದ ಇವಿಷ್ಟನ್ನು ಪಾಲಿಸಬೇಕು:

1. ಬೊಂಬೆ ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯದೆ ಏನನ್ನೂ ತಿನ್ನಬಾರದು. ಆಟದ ಮೇಜಿನ ಮೇಲೆ ಚಕ್ಕುಲಿ, ಕೋಡುಬಳೆಯ ತಟ್ಟೆ ಬೇಡ.

2. ಲೋಹವನ್ನು ಅರದಿಂದ ಉಜ್ಜುವಾಗ ಮುಖಕ್ಕೆ ಮಾಸ್ಕ್ ಇರಲಿ. ಪುಡಿಯನ್ನು ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿರಿ. ಮನೆಯಲ್ಲಿ ಸೀಸ ಕರಗಿಸಿ ಬೊಂಬೆ ಎರಕ ಹೊಯ್ಯುವ ಸಾಹಸ ಬೇಡವೇ ಬೇಡ.

3. ಬಣ್ಣದ ಕುಂಚದ ತುದಿಯನ್ನು ಚೂಪು ಮಾಡಲು ತುಟಿಯಲ್ಲಿಡುವ ಅಭ್ಯಾಸ ಹಲವರಿಗಿದೆ. ಬಿಟ್ಟುಬಿಡಿ.

4. ಸ್ಪ್ರೇ ಬಣ್ಣವನ್ನು ಹೊರಗೆ ಇಲ್ಲವೆ ಗಾಳಿಯಾಡುವ ಕಡೆ ಬಳಸಿ. ಯಂತ್ರದಲ್ಲಿ ಬೊಂಬೆ ಮುದ್ರಿಸುವ ದ್ರವ ರಾಳ ಗಟ್ಟಿಯಾಗುವ ಮುನ್ನ ಚರ್ಮಕ್ಕೆ ಅಲರ್ಜಿ ತರಬಲ್ಲುದು. ಕೈಗವಸು ಬೇಕು.

5. ಹಳೆಯ ಬೊಂಬೆಗಳ ಮೇಲೆ ಬಿಳಿ ಪುಡಿ ಕಂಡರೆ ಅದು ಸೀಸ ಕೊಳೆತು ಆದ ವಿಷ. ಮಕ್ಕಳ ಕೈಗೆ ಕೊಡಬೇಡಿ. ಮೂರು ವರ್ಷದೊಳಗಿನ ಮಕ್ಕಳಿರುವ ಮನೆಯಲ್ಲಿ ಯಾವ ಬೊಂಬೆಯೂ, ದಾಳವೂ ಕೆಳಗೆ ಬಿದ್ದಿರಬಾರದು. ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ನಿದ್ರೆಯ ಲೆಕ್ಕ

ಬ್ರಿಟನ್ನಿನಲ್ಲಿ ಸಂಜೆ 7 ಗಂಟೆ ಎಂದರೆ ನಮ್ಮಲ್ಲಿ ಬೇಸಿಗೆಯಲ್ಲಿ ರಾತ್ರಿ 11.30, ಚಳಿಗಾಲದಲ್ಲಿ 12.30. ಆ ಹೊತ್ತಿನಲ್ಲಿ ಪರದೆಯ ಬೆಳಕು, ಗೆಲ್ಲುವ ಆತುರ, ಕಾಫಿ ಮೂರೂ ಸೇರಿದರೆ ನಿದ್ರೆ ದೂರ. ಮಧುಮೇಹ, ರಕ್ತದೊತ್ತಡ, ಅಪಸ್ಮಾರ ಇರುವವರಿಗೆ ನಿದ್ರೆಗೆಡುವುದು ಒಳ್ಳೆಯದಲ್ಲ. ಇಬ್ಬರಿಗೂ ಹೊಂದುವ ವೇಳೆ ಹುಡುಕಬೇಕು. ಅಮೆರಿಕದ ಪೂರ್ವ ಕರಾವಳಿಯಲ್ಲಿ ಶನಿವಾರ ಬೆಳಿಗ್ಗೆ 9 ಗಂಟೆ ಆದಾಗ ನಮ್ಮಲ್ಲಿ ಸಂಜೆ 6.30 ಅಥವಾ 7.30. ಅದು ಎಲ್ಲರಿಗೂ ಅನುಕೂಲ. ಮಲಗುವ ಒಂದು ಗಂಟೆ ಮುಂಚೆ ಆಟ ನಿಲ್ಲಿಸಿ. ಯುದ್ಧ ಮುಗಿಯದಿದ್ದರೆ ಮೇಜಿನ ಫೋಟೊ ತೆಗೆದಿಟ್ಟು ಮುಂದಿನ ವಾರ ಮುಂದುವರಿಸಬಹುದು.

ಕೆಲವು ಪ್ರಶ್ನೆಗಳು

ಯುದ್ಧದ ಆಟ ಆಡಿದರೆ ಮಕ್ಕಳ ಮನಸ್ಸು ಕ್ರೂರವಾಗುವುದಿಲ್ಲವೇ?

ಚದುರಂಗವೂ ಯುದ್ಧದ ಆಟವೇ. ಇಲ್ಲಿ ರಕ್ತದ ದೃಶ್ಯವಿಲ್ಲ. ಸರದಿ ಕಾಯುವುದು, ನಿಯಮಕ್ಕೆ ಬದ್ಧರಾಗುವುದು, ಸೋತು ಕೈಕುಲುಕುವುದು ಇದೆ. ಆದರೆ ಬೊಂಬೆ ಬಿದ್ದಲ್ಲಿ ನಿಜವಾದ ಯುದ್ಧದಲ್ಲಿ ಮನುಷ್ಯ ಬಿದ್ದಿದ್ದ ಎಂಬುದನ್ನು ಹಿರಿಯರು ಜೊತೆಗಿದ್ದು ತಿಳಿಹೇಳಬೇಕು. ಯುದ್ಧವನ್ನು ಕಣ್ಣಾರೆ ಕಂಡು ನೊಂದವರಿಗೆ ಈ ಆಟ ಹಳೆಯ ನೋವನ್ನು ಕೆದಕಬಹುದು. ಅಂಥವರನ್ನು ಒತ್ತಾಯಿಸಬಾರದು.

ಇದು ಚಟವಾಗುವುದಿಲ್ಲವೇ?

ಆಗಬಹುದು. ಬಣ್ಣ ಹಚ್ಚದೆ ಪೆಟ್ಟಿಗೆಯಲ್ಲೇ ಉಳಿದ ಬೊಂಬೆಗಳ ರಾಶಿಯನ್ನು ಈ ಹವ್ಯಾಸಿಗಳು ತಾವೇ ತಮಾಷೆಗೆ ‘ಸೀಸದ ಬೆಟ್ಟ’ ಎನ್ನುತ್ತಾರೆ. ತಿಂಗಳ ಖರ್ಚಿಗೆ ಮಿತಿ ಹಾಕಿಕೊಳ್ಳಿ. ಆಟಕ್ಕಾಗಿ ಕೆಲಸ, ಊಟ, ಮನೆಯವರ ಜೊತೆಗಿನ ಮಾತು ತಪ್ಪುತ್ತಿದ್ದರೆ ಎಚ್ಚರಿಕೆ ಬೇಕು.

ಕೈ ನಡುಗುವವರು, ಹಾಸಿಗೆ ಹಿಡಿದವರು ಆಡಬಹುದೇ?

ಅವರಿಗೇ ಇದು ಹೆಚ್ಚು ಹೊಂದುತ್ತದೆ. ಬೊಂಬೆಯನ್ನು ಆತಿಥೇಯರು ನಡೆಸುವುದರಿಂದ ಬಾಯಿಮಾತು ಸಾಕು. ದಾಳವನ್ನು ಬಟ್ಟಲಲ್ಲಿ ಹಾಕಿ ಅಲ್ಲಾಡಿಸಬಹುದು. ಒಮ್ಮೆಗೆ ಮುಕ್ಕಾಲು ಗಂಟೆಯಿಂದ ಆರಂಭಿಸಿ, ದಣಿವಾದರೆ ನಿಲ್ಲಿಸಿ. ಹೊಸದಾಗಿ ನಡುಕ ಶುರುವಾಗಿದ್ದರೆ ಮೊದಲು ವೈದ್ಯರನ್ನು ಕಾಣಿರಿ.

ನಮ್ಮ ಮನೆಗಳಲ್ಲಿ

ನೀವು ವಾಟರ್‌ಲೂ ಯುದ್ಧವನ್ನೇ ಆಡಬೇಕಾಗಿಲ್ಲ. ಬೊಂಬೆಗಳಿಗೆ ಹಣ ಸುರಿಯಬೇಕಾಗಿಯೂ ಇಲ್ಲ. ವಿದೇಶದಲ್ಲಿ ಮೊಮ್ಮಕ್ಕಳಿದ್ದಾರೆಯೇ? ಇಬ್ಬರ ಮನೆಯಲ್ಲೂ ಒಂದೊಂದು ಚೌಕಾಬಾರದ ಮನೆ ಬರೆದುಕೊಳ್ಳಿ. ಮೊಬೈಲನ್ನು ಮಣೆಯ ಕಡೆ ತಿರುಗಿಸಿ ನಿಲ್ಲಿಸಿ. ಕವಡೆಯನ್ನೋ ಹುಣಸೆಬೀಜವನ್ನೋ ನಿಮ್ಮದು ನೀವು ಹಾಕಿ, ಅವರದು ಅವರು ಹಾಕಲಿ. ಎದುರಾಳಿಯ ಕಾಯನ್ನೂ ನಿಮ್ಮ ಮಣೆಯಲ್ಲಿ ನೀವೇ ನಡೆಸಿ. ವಾರ, ವೇಳೆ ಗೊತ್ತುಪಡಿಸಿ, ತಪ್ಪಿಸಬೇಡಿ. ನಿವೃತ್ತರಾದ ನಾಲ್ವರು ಗೆಳೆಯರು ನಾಲ್ಕು ಊರಿನಲ್ಲಿದ್ದರೆ ಚದುರಂಗವಾಗಲಿ, ಪದಬಂಧವಾಗಲಿ ಒಂದನ್ನು ಹಿಡಿಯಿರಿ. ಆರಂಭದಲ್ಲಿ ಯಾರಾದರೂ ಕಿರಿಯರು ಕರೆ ಜೋಡಿಸಿ ಕೊಡಲಿ.

ಇದರಿಂದ ನೆರೆಹೊರೆಯ ಭೇಟಿ, ದೇವಸ್ಥಾನ, ಪಾರ್ಕು, ಗ್ರಂಥಾಲಯಗಳ ಓಡಾಟ ಕಡಿಮೆಯಾಗಬಾರದು. ಕೈಹಿಡಿದು ಪಕ್ಕದಲ್ಲಿ ಕೂರುವ ಮನುಷ್ಯನಿಗೆ ಪರದೆ ಎಂದೂ ಸಮನಲ್ಲ. ಬೇಸರ, ಆಸಕ್ತಿ ಇಲ್ಲದಿರುವುದು, ನಿದ್ರಾಹೀನತೆ ಎರಡು ವಾರ ಮೀರಿ ಉಳಿದರೆ ಅದು ಆಟದಿಂದ ಹೋಗುವಂಥದ್ದಲ್ಲ, ಖಿನ್ನತೆ ಇರಬಹುದು. ವೈದ್ಯರನ್ನು ಕಾಣಿರಿ. ಬದುಕು ಸಾಕೆನಿಸಿದರೆ ಒಂದು ದಿನವೂ ತಡಮಾಡಬೇಡಿ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಉಳಿದವರು ಈ ವಾರ ಒಂದು ಕೆಲಸ ಮಾಡಿ. ಬಹಳ ದಿನದಿಂದ ಮಾತಾಡದ ಒಬ್ಬ ಗೆಳೆಯರನ್ನು ನೆನೆಸಿಕೊಳ್ಳಿ. ‘ಹೇಗಿದ್ದೀರಿ?’ ಎಂದು ಕೇಳಲು ಕರೆ ಮಾಡಬೇಡಿ. ‘ಭಾನುವಾರ ಸಂಜೆ ಒಂದಾಟ ಹಾಕೋಣವೇ?’ ಎಂದು ಕೇಳಲು ಮಾಡಿ. ಹೇಗಿದ್ದಾರೆಂಬುದು ಆಟದ ನಡುವೆ ತಾನಾಗಿ ತಿಳಿಯುತ್ತದೆ.